ಚಪ್ಪಡಿ

ಬಹುಮಹಡಿ ಕಟ್ಟಡದ ಆರನೇ ಮಹಡಿ,
ಭಾಷಾಂತರ ಶಾಖೆಯ ಮೂಲೆ ಮೇಜು.
ದೆಹಲಿಯಿಂದ ಬಂದ ಕಾಯಿದೆಗೆ ಕನ್ನಡ ತೊಡಿಸುವುದು
ಹದಿನೆಂಟು ವರ್ಷದಿಂದ ನನ್ನ ಕೆಲಸ.
ಅಳತೆ ಅವರದು, ಹೊಲಿಗೆ ನನ್ನದು,
ಕಂಕುಳಲ್ಲಿ ಬಿಗಿಯಾದರೆ ಬೈಗುಳವೂ ನನ್ನದೇ.

ಮೂರು ದಿನದಿಂದ ಒಂದೇ ಪದಕ್ಕೆ ಸಿಕ್ಕಿಕೊಂಡಿದ್ದೇನೆ.
ಸಂವಿಧಾನ ಸಂಸತ್ತಿಗೆ ಬರೆದುಕೊಟ್ಟ ಅಧಿಕಾರ, ಸರಿ;
ಬರೆಯದೆಯೂ ಕೊಟ್ಟದ್ದು ಅಂತ ಒಂದಿದೆಯಲ್ಲ,
ಕೊಟ್ಟದ್ದರ ಬೆನ್ನಿಗೆ ಅಂಟಿಕೊಂಡು ಬರುವುದು,
ಅದನ್ನು ಏನೆಂದು ಕರೆಯಲಿ?
'ವಿವಕ್ಷಿತ' ಅನ್ನುತ್ತದೆ ಇಲಾಖೆಯ ಪದಕೋಶ.
ಹೇಳಲು ಬಯಸಿದ್ದು, ಅಂತ.
ಬಯಸಿದವರು ಯಾರು?
ಸಹಿ ಹಾಕಿ ಎದ್ದು ಹೋಗಿ ಎಷ್ಟು ಕಾಲವಾಯಿತು ಅವರೆಲ್ಲ.
'ಗರ್ಭಿತ' ಎಂದು ಬರೆದೆ.
ಅಧೀಕ್ಷಕ ಷಡಕ್ಷರಪ್ಪ ಕನ್ನಡಕ ಏರಿಸಿ
'ಹೆರಿಗೆ ಯಾವಾಗ ಮೇಡಂ?' ಅಂದರು.
ಅಳಿಸಿದೆ.

ಪಟ್ಟಿಗಳೇನೋ ಮೂರಿವೆ, ಅಂಕಿ ಹಾಕಿ ಜೋಡಿಸಿದ್ದು,
ಮದುವೆ ಮನೆಯ ಸಾಮಾನು ಚೀಟಿಯ ಹಾಗೆ.
ನೀರು ರಾಜ್ಯದ್ದು, ಹದಿನೇಳು.
ಗಡಿ ದಾಟುವ ನದಿ ಕೇಂದ್ರದ್ದು, ಐವತ್ತಾರು.
ಅದೇ ಪಟ್ಟಿಯ ತುದಿಗೆ ತೊಂಬತ್ತೇಳು:
ಇನ್ನೆಲ್ಲೂ ಬರೆಯದೆ ಉಳಿದದ್ದು ಏನಿದ್ದರೂ.
ಚೀಟಿ ಬರೆದವರಿಗೆ ಗೊತ್ತಿತ್ತು,
ಉಪ್ಪು ಮರೆತಿರುತ್ತೇವೆ ಅಂತ.
ಆದರೆ ನನ್ನ ಪದ ಅದಲ್ಲ.
ಮರೆತ ಉಪ್ಪು ಬೇರೆ,
'ಅನ್ನ' ಅಂತ ಬರೆದಾಗ
ಬರೆಯದೆ ಬಂದು ಕೂರುವ ಒಲೆ ಬೇರೆ.

ನಮ್ಮ ಶ್ರೀರಾಮಪುರದ ಓಣಿಗೆ ಕಾವೇರಿ ಬರುವುದು
ದಿನ ಬಿಟ್ಟು ದಿನ, ಬೆಳಗಿನ ಜಾವ ಮೂರೂವರೆಗೆ.
ಕರೆತರುವವನು ವಾಲ್ವ್‌ಮನ್ ಮುನಿಕಾಳಪ್ಪ,
ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀಲಿ.
ಅವನ ನೇಮಕದ ಆದೇಶ ಓದಿ ಹೇಳಿದವಳು ನಾನೇ:
'ಸದರಿ ನೌಕರನು ನೀರು ಬಿಡತಕ್ಕದ್ದು.'
ಅಷ್ಟೇ.

ಅವತ್ತು ಫ್ಲೋರಿಯಮ್ಮನ ಹೊಸಿಲ ಮುಂದಿನ ಚಪ್ಪಡಿ ಎಬ್ಬಿಸಿದ್ದ.
ವಾಲ್ವು ಅದರಡಿಗೆ.
'ಯಾರು ಹೇಳಿದ್ದು ನಿಂಗೆ ಕಲ್ಲು ಕೀಳೋಕೆ?'
'ನೀರು ಬಿಡು ಅಂತ ಬರೆದ ಮೇಲೆ
ಕಲ್ಲು ಎತ್ತು ಅಂತ ಬೇರೆ ಬರೀಬೇಕೇನಮ್ಮಾ?'
ಬಿಂದಿಗೆ ಹಿಡಿದು ನಿಂತಿದ್ದ ನನ್ನ ನಿದ್ದೆ ಹಾರಿಹೋಯಿತು.
ಹದಿನೆಂಟು ವರ್ಷ ಓದಿದ ತೀರ್ಪುಗಳು
ಪಟಾಪಟಿ ಚಡ್ಡಿ ಹಾಕಿಕೊಂಡು
ಮೋರಿ ಪಕ್ಕ ಬೀಡಿ ಹಚ್ಚುತ್ತ ನಿಂತಿದ್ದವು.

ಸರಿಯೇ. ಆದರೆ
ಇದೇ ಮುನಿಕಾಳಪ್ಪ ಹೋದ ಬೇಸಿಗೆ
ಮೇಲಿನ ಸಾಲಿನ ಏಳು ಮನೆಗೆ ನೀರು ನಿಲ್ಲಿಸಿದ್ದ,
ಹಬ್ಬದ ಇನಾಮು ಕೊಡಲಿಲ್ಲವೆಂದು.
ಕೇಳಿದರೆ, 'ಬಿಡೋ ಅಧಿಕಾರ ಇದ್ದೋನಿಗೆ
ತಡೆಯೋ ಅಧಿಕಾರ ಇರಲ್ವಾ?'
ಅದೇ ಕೀಲಿ, ಅದೇ ವ್ಯಾಕರಣ.
ಬೆರಳು ಕೊಟ್ಟರೆ ಹಸ್ತ ನುಂಗಿದ ಅನ್ನುತ್ತೇವೆ;
ಬೆರಳು ಮುಗಿದು ಹಸ್ತ ಶುರುವಾಗುವ ಗೆರೆ
ಯಾವ ಕಲಮಿನಲ್ಲಿದೆ?

ಫ್ಲೋರಿಯಮ್ಮ ಕಾನೂನು ಓದಿದವಳಲ್ಲ,
ಗಾರ್ಮೆಂಟಿನಲ್ಲಿ ಗುಂಡಿ ಹೊಲಿದವಳು.
ನೈಟಿಯ ಮೇಲಿನ ಟವೆಲು ಸರಿಮಾಡಿಕೊಂಡು ಅಂದಳು:
'ಎತ್ತೋದು ಬರೀದೇನೇ ಬರೆದಿದೆ ಅಂದ್ರೆ
ತಿರುಗಿ ಮುಚ್ಚೋದೂ ಅಲ್ಲೇ ಬರೆದಿರ್ಬೇಕಲ್ಲ. ಓದು.
ಓದಕ್ಕೆ ಬರದಿದ್ರೆ, ಮುಚ್ಚು.'

ಮುಚ್ಚಿದ. ಗೊಣಗಿಕೊಂಡೇ ಮುಚ್ಚಿದ.

ಬೆಳಿಗ್ಗೆ ಕಬ್ಬನ್ ಪಾರ್ಕಿನ ಅಂಚಿನಲ್ಲಿ ನಡೆದು ಹೋದೆ.
ಈಚೆ ಹೈಕೋರ್ಟಿನ ಕೆಂಪು, ಆಚೆ ಸೌಧದ ಮೆಟ್ಟಿಲು,
ನಡುವೆ ದಾಟಲು ಬಿಡದ ವಾಹನಗಳು.
ಕರಡಿನಲ್ಲಿ ಆ ಪದದ ಜಾಗ ಖಾಲಿ ಬಿಟ್ಟು
ಪೆನ್ಸಿಲಿನಲ್ಲಿ ಒಂದು ಚೌಕ ಗೀಚಿದೆ,
ಒಂದು ಮೂಲೆ ಸ್ವಲ್ಪ ಎತ್ತರಕ್ಕೆ.
ಸಂಜೆಯೊಳಗೆ ಷಡಕ್ಷರಪ್ಪ ಅದರ ಮೇಲೆಯೇ
ಶಾಯಿಯಲ್ಲಿ 'ವಿವಕ್ಷಿತ' ಬರೆದು ಕಡತ ಕಳಿಸಿದ್ದರು.
ಗೆಜೆಟ್ಟಿಗೆ ಹೋಗುತ್ತದೆ. ಹೋಗಲಿ.

ಚಪ್ಪಡಿ ಇನ್ನೂ ಸರಿಯಾಗಿ ಕೂತಿಲ್ಲ.
ಹಾಲಿನವನು ತುಳಿದರೆ ಟಕ್,
ಸ್ಕೂಲಿನ ಹುಡುಗಿ ತುಳಿದರೆ ಟಕ್.
ಫ್ಲೋರಿಯಮ್ಮ ಒಳಗಿಂದಲೇ 'ಯಾರದು?' ಅನ್ನುತ್ತಾಳೆ.
ನಾನಂತೂ ಈಗ
ಬೇಕಂತಲೇ ತುಳಿದು ಹೋಗುತ್ತೇನೆ.